ಸ್ಕ್ರೂ ಕಟ್ಟಿದ ಪಟ್ಟಿ

ಕಂಪ್ಯೂಟರ್ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳದ ಮೇಲೆ, ಕೆಳಮೂಲೆಯಲ್ಲಿ, ಒಂದು ಬಿಳಿ ಸ್ಟಿಕರ್ ಅಂಟಿಸಿ ಅದರ ಮೇಲೆ ಮಾರ್ಕರಿನಲ್ಲಿ ಡಿ2 ಅಥವಾ ಡಿ3 ಎಂದು ಬರೆಯುವುದು ನನ್ನ ಪದ್ಧತಿಯಾಗಿತ್ತು. ಒಳಗಿರುವ ಮದರ್‌ಬೋರ್ಡು ಹಳೇ ಡಿಡಿಆರ್2 ಮೆಮೊರಿ ಹಿಡಿಯುವಂಥದ್ದೋ, ಅದರ ನಂತರ ಬಂದ ಡಿಡಿಆರ್3 ಹಿಡಿಯುವಂಥದ್ದೋ, ಬಿಚ್ಚದೆಯೇ ಗೊತ್ತಾಗಲಿ ಎಂದು ನಾನೇ ಕಂಡುಕೊಂಡ ಉಪಾಯ. ನಂಜನಗೂಡಿನಲ್ಲಿ ರಿಪೇರಿ ಮಾಡುವ ಬೇರೆ ಯಾರಿಗೂ ಇಷ್ಟು ಅಚ್ಚುಕಟ್ಟು ಇಲ್ಲ ಎಂದು ನನಗೆ ಒಳಗೊಳಗೇ ಜಂಬ. ಆ ಜಂಬದಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಯಿತು. ಅದು ಹೇಗೆ ಹೋಯಿತು ಎಂಬುದನ್ನು ಬಿಡಿಸಿ ಬರೆಯುತ್ತೇನೆ. ಓದಿದವರು ಬೈದುಕೊಂಡರೆ ಬೈದುಕೊಳ್ಳಲಿ.

ಫೋನು ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಟಿ. ನರಸೀಪುರ ದಾಟಿ ತಲಕಾಡಿನ ಕಡೆ ಹೋಗುವ ದಾರಿಯಲ್ಲಿ ಒಂದು ಖಾಸಗಿ ಹೈಸ್ಕೂಲಿದೆ. ಅದರ ಆಡಳಿತ ಮಂಡಳಿಯ ಅಧ್ಯಕ್ಷರು ನಂಜನಗೂಡಿನವರೇ, ಅಕ್ಕಿ ಗಿರಣಿ ಇಟ್ಟವರು, ನಮ್ಮಪ್ಪನ ಕಾಲದಿಂದ ಮನೆಗೆ ಬಂದು ಹೋಗುವವರು. ಆ ಮಂಡಳಿಗೆ ಇನ್ನೂ ಮೂರು ಶಾಲೆಗಳಿವೆ. ನಾಲ್ಕರ ಕಂಪ್ಯೂಟರ್ ರಿಪೇರಿಯೂ ನನ್ನದೇ.

“ಏನಪ್ಪಾ, ಆ ಸ್ಕೂಲಲ್ಲಿರೋ ಕಂಪ್ಯೂಟರ್‌ಗಳ್ನ ಇಟ್ಕೊಳಾದೋ, ಗುಜರಿಗೆ ಆಕಾದೋ, ಒಂದ್ ಮಾತ್ ಏಳ್ಬುಡು” ಎಂದರು ಅಧ್ಯಕ್ಷರು.

“ಯಾಕ್ ಯಜಮಾನ್ರೇ, ಏನಾಯ್ತು?”

“ಕಂಪ್ಯೂಟರ್ ಪರೀಕ್ಷೆಗೆ ನಮ್ ಸ್ಕೂಲೇ ಕೇಂದ್ರ ಮಾಡ್ತಾರಂತೆ. ಹತ್ತು ಮಿಷನ್ನು ಇರ್ಬೇಕಂತೆ. ಡ್ಯುಯಲ್ ಕೋರ್ ಅಂತೆ, ನಾಕು ಜಿಬಿ ಅಂತೆ, ಅದೆಂಥ ಸುಡುಗಾಡೋ ನಂಗೊತ್ತಿಲ್ಲ. ಬರೋ ಸೋಮವಾರ ನೋಡಕ್ಕೆ ಬತ್ತಾರೆ.”

ಆ ಮಿಷನ್ನುಗಳು ಹಳೆಯವಾದರೂ ಹತ್ತೂ ಡ್ಯುಯಲ್ ಕೋರ್. ಅಂದರೆ ಒಂದೇ ಚಿಪ್ಪಿನೊಳಗೆ ಎರಡು ಕೋರ್, ಒಂದು ಅಡುಗೆಮನೆಯಲ್ಲಿ ಎರಡು ಒಲೆ ಇದ್ದ ಹಾಗೆ. ಒಲೆ ಎರಡಿದ್ದರೂ ಪಾತ್ರೆ ಇಳಿಸಿಡಲು ಕಟ್ಟೆಯಲ್ಲಿ ಜಾಗವಿಲ್ಲದಿದ್ದರೆ ಅಡುಗೆ ಮುಂದೆ ಹೋಗುವುದಿಲ್ಲ. ಆ ಕಟ್ಟೆಯೇ ಮೆಮೊರಿ. ಈ ಹತ್ತರಲ್ಲೂ ಇದ್ದದ್ದು ಒಂದೊಂದೇ ಜಿಬಿ. ಪ್ರತಿಯೊಂದಕ್ಕೂ ಮೆಮೊರಿ ಕೂರಿಸುವ ಸ್ಲಾಟು ಎರಡು, ಒಂದೊಂದು ಸ್ಲಾಟಿಗೆ ಎರಡು ಜಿಬಿಯ ಒಂದು ಮೆಮೊರಿ ಕಡ್ಡಿ ಹಾಕಿದರೆ ನಾಲ್ಕಾಗುತ್ತದೆ. ಇಷ್ಟೇ ಕೆಲಸ.

“ಗುಜರಿಗೆ ಬೇಡ ಯಜಮಾನ್ರೇ. ಹತ್ತನ್ನೂ ಓಡ್ಸಿ ಕೊಡ್ತೀನಿ” ಎಂದೆ.

“ಮಾಡು ಮತ್ತೆ. ಕೇಂದ್ರ ಬಂದ್ರೆ ಆ ಕಂಪ್ಯೂಟರ್ ಮೇಡಂನೂ ಮುಂದುಕ್ಕೆ ಇಟ್ಕೋತೀವಿ. ಬರ್ನಿಲ್ಲ ಅಂದ್ರೆ ಆ ಕ್ಲಾಸೇ ನಿಲ್ಸ್ಬುಡಾದು. ಅವರಿಗೂ ಏಳಿವ್ನಿ.”

ಹ್ಞೂಂ ಎಂದೆ. ಹತ್ತು ಮಿಷನ್ನಿನ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಮೇಡಂ ವಿಷಯ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು.

ಗುರುವಾರ ಶಾಲೆಗೆ ಹೋದೆ. ಲ್ಯಾಬಿನ ಕಿಟಕಿಯಾಚೆ ಕಬ್ಬಿನ ಗದ್ದೆ, ಒಳಗೆ ಗೋಡೆಗುಂಟ ಹತ್ತು ಕರಿ ಕ್ಯಾಬಿನೆಟ್ಟು, ಎಲ್ಲ ಒಂದೇ ಅಚ್ಚಿನವು. ಮುಂದುಗಡೆ ಬಿಳಿ ಬಣ್ಣದಲ್ಲಿ ಒಂದರಿಂದ ಹತ್ತರವರೆಗೆ ನಂಬರು. ಆಯುಧಪೂಜೆಯಲ್ಲಿ ಬಳಿದ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮದ ಬೊಟ್ಟು ಇನ್ನೂ ಮುಚ್ಚಳಗಳ ಮೇಲೆ ಇದ್ದವು. ಕರೆಂಟ್ ಇರಲಿಲ್ಲ. ಬರುವುದು ಮೂರು ಗಂಟೆಗಂತೆ. ಅಷ್ಟು ಹೊತ್ತು ಕಾಯ್ದು ಒಂದೊಂದನ್ನೂ ಆನ್ ಮಾಡಿದ್ದರೆ ಯಾವುದರಲ್ಲಿ ಯಾವ ಮೆಮೊರಿ ಇದೆ ಎಂದು ಪರದೆಯೇ ಹೇಳುತ್ತಿತ್ತು. ಕಾಯುವ ವ್ಯವಧಾನ ಯಾರಿಗಿದೆ! ನನ್ನ ಸ್ಟಿಕರುಗಳಿವೆಯಲ್ಲ.

ಮೇಡಂ ಲ್ಯಾಬಿನಲ್ಲೇ ಇದ್ದರು. ಮೂವತ್ತರ ಆಸುಪಾಸು ವಯಸ್ಸು. ತಲಕಾಡಿನ ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು, ಆರು ವರ್ಷದಿಂದ ಇಲ್ಲಿ ಅತಿಥಿ ಶಿಕ್ಷಕಿ. ಮನೆಯಲ್ಲಿ ತಾಯಿ, ಕಾಲೇಜಿಗೆ ಹೋಗುವ ತಂಗಿ. ಮೂವರಿಗೂ ಇವರ ಸಂಬಳವೇ ಗತಿ ಎಂದು ಶಾಲೆಯ ಜವಾನ ಹಿಂದೆ ಯಾವಾಗಲೋ ಹೇಳಿದ್ದ. ನನ್ನನ್ನು ನೋಡಿದವರೇ ಮೇಜಿನ ಡ್ರಾಯರಿನಿಂದ ಒಂದು ರೂಲ್ಡ್ ಹಾಳೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

“ಸರ್, ಇದೊಂದ್ ಪಟ್ಟಿ ಮಾಡಿದ್ದೆ. ಪೂಜೆ ಆದ್ಮೇಲೆ ಈ ಮಿಷನ್‌ಗಳು...”

“ಪೂಜೆ ಪುನಸ್ಕಾರ ಎಲ್ಲ ಆಮೇಲೆ ಮೇಡಂ. ಮೊದ್ಲು ನನ್ ಕೆಲಸ ಮುಗಿಸ್ಕೋತೀನಿ.”

“ಹಾಗಲ್ಲ ಸರ್. ಯಾವುದ್ರಲ್ಲಿ ಯಾವ ಬೋರ್ಡು ಅಂತ...”

“ಮೇಡಂ, ಈ ಸ್ಟಿಕರ್ ಅಂಟ್ಸಿರೋನು ನಾನೇ. ಇಲ್ಲಿ ಯಾವುದ್ರೊಳಗೆ ಏನೈತೆ ಅಂತ ನಂಗೇ ಪಾಠ ಹೇಳ್ತೀರಾ?”

ಅವರ ಮುಖ ಸಣ್ಣದಾಯಿತು. “ಇಲ್ಲ ಸರ್” ಎಂದು ಹಿಂದೆ ಸರಿದರು. ಮಕ್ಕಳಿಗೆ ಪಾಠ ಹೇಳಿಕೊಡುವವರು ಬೇರೆ, ಸ್ಕ್ರೂಡ್ರೈವರ್ ಹಿಡಿಯುವವರು ಬೇರೆ ಎಂಬ ಕೊಬ್ಬು ನನಗೆ. ನಾನು ಬಗ್ಗಿ ಸ್ಟಿಕರುಗಳನ್ನು ಎಣಿಸಿದೆ. ಡಿ2 ನಾಲ್ಕು, ಡಿ3 ಆರು. ಸುಮ್ಮನೆ ಒಂದು ಪರೀಕ್ಷೆ ಇರಲಿ ಎಂದು ಬಾಗಿಲ ಹತ್ತಿರದ ಎರಡನ್ನು ಬಿಚ್ಚಿ ನೋಡಿದೆ. ಸ್ಟಿಕರ್ ಹೇಳಿದ್ದೇ ಒಳಗೂ ಇತ್ತು. ಸರಿ ಬಿಡು ಎಂದುಕೊಂಡೆ. ಎರಡು ದಿನ ಬಿಟ್ಟು ಹೇಗೂ ಬರುವವನು, ಮುಚ್ಚಳಗಳನ್ನು ಸುಮ್ಮನೆ ಒರಗಿಸಿಟ್ಟೆ. ಬಿಚ್ಚಿದ ಸ್ಕ್ರೂಗಳು ಕಳೆದುಹೋಗದಿರಲಿ ಎಂದು ಕೈಯಲ್ಲಿದ್ದ ಕಾಗದವೊಂದನ್ನು ಪೊಟ್ಟಣ ಮಡಿಸಿ ಅದರಲ್ಲಿ ಹಾಕಿ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿದೆ. ಅದು ಯಾವ ಕಾಗದ ಎಂದು ನೋಡಲೂ ಇಲ್ಲ.

ಡಿಡಿಆರ್3 ಕಡ್ಡಿ ಸಿಗುವುದು ಕಷ್ಟವಲ್ಲ. ಡಿಡಿಆರ್2 ಹಾಗಲ್ಲ, ಹೊಸದು ತಯಾರಾಗುವುದೇ ನಿಂತು ಬಹಳ ಕಾಲವಾಗಿದೆ. ಹಳೆಯ ಮಿಷನ್ನಿನಿಂದ ಕಿತ್ತದ್ದು, ಅದೂ ಹುಡುಕಿದರೆ ಸಿಗುತ್ತದೆ. ಮೈಸೂರಿನಲ್ಲಿ ಹಳೇ ಸಾಮಾನಿನ ವ್ಯಾಪಾರಿಯೊಬ್ಬನ ಹತ್ತಿರ ಎರಡು ಜಿಬಿಯ ಡಿಡಿಆರ್2 ಎಂಟೇ ಎಂಟು ಇದ್ದವು. ನಾಲ್ಕು ಮಿಷನ್ನಿಗೆ ಎಂಟು, ಲೆಕ್ಕ ಸರಿಯಾಗಿದೆ ಎಂದು ಖುಷಿಯಾಯಿತು. ಆರು ಮಿಷನ್ನಿಗೆ ಡಿಡಿಆರ್3 ಹನ್ನೆರಡು. ತಂದು, ಶುಕ್ರವಾರವೆಲ್ಲ ಅಂಗಡಿಯಲ್ಲಿ ಕೂತು, ಒಂದೊಂದರ ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಟೆಸ್ಟ್ ಬೋರ್ಡಿಗೆ ಹಾಕಿ ಪರೀಕ್ಷಿಸಿದೆ. ಇಪ್ಪತ್ತೂ ಪಾಸು.

ಶನಿವಾರ ಮಧ್ಯಾಹ್ನ ಶಾಲೆಯಲ್ಲಿ ಜವಾನ ಒಬ್ಬನೇ ಇದ್ದ. ಮೇಡಂ ಮಕ್ಕಳನ್ನು ಕರೆದುಕೊಂಡು ಕ್ರೀಡಾಕೂಟಕ್ಕೆ ಹೋಗಿದ್ದರು. ಒಂದನೇ ಮಿಷನ್ನು ಆಯಿತು, ಎರಡನೆಯದೂ ಆಯಿತು. ಮೂರನೆಯದರ ಸ್ಟಿಕರ್ ಡಿ3. ಡಿಡಿಆರ್3 ಕಡ್ಡಿಯನ್ನು ಸ್ಲಾಟಿಗೆ ಇಟ್ಟು ಒತ್ತಿದೆ. ಕೂರಲಿಲ್ಲ. ಧೂಳು ಕಟ್ಟಿದೆಯೇನೋ ಎಂದು ಇನ್ನಷ್ಟು ಒತ್ತಿದೆ. ಬೋರ್ಡು ಬಿಲ್ಲಿನಂತೆ ಬಗ್ಗಿತು. ಕಡ್ಡಿಯ ಕೆಳಗೆ ಒಂದು ಕಚ್ಚು ಇರುತ್ತದೆ, ಸ್ಲಾಟಿನೊಳಗೆ ಅದಕ್ಕೆ ಸರಿಯಾಗಿ ಒಂದು ಉಬ್ಬು. ಡಿಡಿಆರ್2ಕ್ಕೆ ಅದು ಒಂದು ಕಡೆ, ಡಿಡಿಆರ್3ಕ್ಕೆ ಸ್ವಲ್ಪ ಸರಿದು ಇನ್ನೊಂದು ಕಡೆ. ತಪ್ಪು ಕಡ್ಡಿ ಹೋಗಲೇಬಾರದು ಎಂದೇ ಹಾಗೆ ಮಾಡಿರುವುದು. ಟಾರ್ಚ್ ಬಿಟ್ಟು ನೋಡಿದೆ. ಒಳಗಿದ್ದದ್ದು ಡಿಡಿಆರ್2 ಬೋರ್ಡು.

ಉಳಿದ ಏಳನ್ನೂ ಬಿಚ್ಚಿ ಹಾಕಿದೆ. ಡಿ3 ಎಂದಿದ್ದ ಆರರಲ್ಲಿ ಮೂರು ಡಿಡಿಆರ್2. ಒಟ್ಟು ಏಳು ಡಿಡಿಆರ್2, ಮೂರು ಡಿಡಿಆರ್3. ನನ್ನ ಹತ್ತಿರ ಆರು ಡಿಡಿಆರ್3 ಹೆಚ್ಚಿಗೆ, ಆರು ಡಿಡಿಆರ್2 ಕಮ್ಮಿ. ಮೂರು ಮಿಷನ್ನು ಖಾಲಿ.

“ಯಾವನ್ಲಾ ಈ ಮುಚ್ಚಳ ಅದಲುಬದಲು ಮಾಡ್ದೋನು?” ಎಂದು ಕೂಗಿದೆ.

ಬಾಗಿಲ ಬಳಿ ನಿಂತಿದ್ದ ಜವಾನ ಬೆಚ್ಚಿದ. ನನಗಿಂತ ಹಿರಿಯ. ಆದರೂ ಹಾಗೆ ಕೂಗಿದೆ.

“ಪೂಜೆ ಆದ್ಮ್ಯಾಕೆ ನಾನೇ ಸಾ ಮುಚ್ಚಿದ್ದು. ನೀವೇ ಏಳಿದ್ರಲ್ಲ ಸಾ.”

ನೆನಪಾಯಿತು. ಆಯುಧಪೂಜೆಗೆ ಎರಡು ದಿನ ಮುಂಚೆ ಪ್ರತಿವರ್ಷ ಬಂದು, ಮುಚ್ಚಳ ಬಿಚ್ಚಿ, ಬ್ಲೋವರ್ ಹಿಡಿದು ಧೂಳು ಹೊಡೆಯುವುದು ನಮ್ಮ ವಾಡಿಕೆ. ಈ ಸಲ ಇನ್ನೂ ಎರಡು ಕಡೆ ಹೋಗುವುದಿತ್ತು. “ತೊಳೆದು ಒಣಗ್ಸು, ಪೂಜೆ ಆಗ್ಲಿ, ಆಮೇಲೆ ನೀನೇ ಮುಚ್ಚು, ಎಲ್ಲ ಒಂದೇ ಅಳತೆ” ಎಂದು ಹೇಳಿ ಗಾಡಿ ಹತ್ತಿದವನು ನಾನೇ. ಜವಾನ ಮುಚ್ಚಳಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಜಗುಲಿಯ ಬಿಸಿಲಿಗೆ ಸಾಲಾಗಿ ಇಟ್ಟಿದ್ದಾನೆ. ಹಿಂದೆ ಸಿಡಿಲು ಹೊಡೆದಾಗ ಸುಟ್ಟುಹೋಗಿದ್ದ ನಾಲ್ಕು ಮಿಷನ್ನು ಸ್ಟೋರ್ ರೂಮಿನಲ್ಲಿದ್ದವು, ಅವೂ ಡಿಡಿಆರ್3, ಇದೇ ಕರಿ ಕ್ಯಾಬಿನೆಟ್ಟು. ಕೆಟ್ಟಿದ್ದರೇನು, ಅವೂ ದುಡಿದ ಆಯುಧಗಳೇ ಅಲ್ಲವೇ ಎಂದು ಅವನ್ನೂ ಹೊರತಂದು, ಅವುಗಳ ಮುಚ್ಚಳಕ್ಕೂ ವಿಭೂತಿ ಬಳಿದಿದ್ದಾನೆ. ಪೂಜೆ ಮಾಡಿದ್ದನ್ನು ಅವತ್ತು ಮುಟ್ಟಬಾರದು. ಮರುದಿನ ಕೈಗೆ ಸಿಕ್ಕಿದ ಮುಚ್ಚಳವನ್ನು ಸಿಕ್ಕಿದ ಮಿಷನ್ನಿಗೆ ಹಾಕಿದ್ದಾನೆ. ಸ್ಟೋರ್ ರೂಮಿಗೆ ಹೋಗಿ ನೋಡಿದೆ. ಸುಟ್ಟ ನಾಲ್ಕರಲ್ಲಿ ಮೂರರ ಮೇಲೆ ನನ್ನ ಕೈಬರಹದಲ್ಲೇ ಡಿ2.

ಅವನಿಗೆ ಏನೆಂದು ಬೈಯಲಿ! ಅವನು ಭಕ್ತಿಯಿಂದ ಮಾಡಿದ್ದ, ನಾನು ಹೇಳಿದ್ದನ್ನೇ ಮಾಡಿದ್ದ.

“ಮೇಡಂ ಆವತ್ತು ಎಲ್ಲಾ ಬಿಚ್ಚಿ ನೋಡಿ ಏನೋ ಬರ್ಕೊತಿದ್ರು ಸಾ” ಎಂದ ಜವಾನ.

“ಅವರು ಬರ್ಕೊಂಡದ್ದ ಕಟ್ಕೊಂಡು ನಾನೇನ್ ಮಾಡ್ಲಿ ಈಗ? ಕಡ್ಡಿ ಬೇಕು ನಂಗೆ, ಕಡ್ಡಿ!”

ಈ ಮಾತನ್ನು ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಅವನು ನನ್ನ ತಪ್ಪನ್ನೇ ಬೆರಳಿಟ್ಟು ತೋರಿಸಿದ್ದ. ನನ್ನ ಸಿಟ್ಟು ನನ್ನ ಕಿವಿ ಮುಚ್ಚಿತ್ತು.

ಭಾನುವಾರ ಮತ್ತೆ ಮೈಸೂರು. ವ್ಯಾಪಾರಿಯನ್ನು ಮನೆಯಿಂದ ಕರೆಸಿ ಅಂಗಡಿ ತೆಗೆಸಿದೆ. ಎರಡು ಜಿಬಿಯ ಡಿಡಿಆರ್2 ಮುಗಿದಿವೆ ಎಂದ. ಡಬ್ಬವೊಂದನ್ನು ಕೆದಕಿ ಮೂರು ಕಡ್ಡಿ ತೆಗೆದ. ಒಂದೊಂದೂ ನಾಲ್ಕು ಜಿಬಿ, ಡಿಡಿಆರ್2.

“ಎರಡ್ಯಾಕೆ ಸರ್, ಒಂದೇ ಹಾಕಿ, ನಾಲ್ಕಾಯ್ತು. ಯಾವ್ ಬೋರ್ಡ್‌ಗಾದ್ರೂ ಆಗುತ್ತೆ.”

ಇಷ್ಟು ಅಗ್ಗಕ್ಕೆ ನಾಲ್ಕು ಜಿಬಿ ಕೊಡುತ್ತಿದ್ದಾನೆಂದರೆ ಏನೋ ಇರಬೇಕು ಎಂದು ಅನುಮಾನ ಬಂದದ್ದು ನಿಜ. ಆದರೆ ಮೂರು ಮಿಷನ್ನಿಗೆ ಸರಿಯಾಗಿ ಮೂರು ಕಡ್ಡಿ ಕಣ್ಣೆದುರಿಗೆ ಇರುವಾಗ ಅನುಮಾನದ ಮಾತು ಯಾರು ಕೇಳುತ್ತಾರೆ? ಅಂಗಡಿಗೆ ತಂದು ಟೆಸ್ಟ್ ಬೋರ್ಡಿಗೆ ಹಾಕಿದೆ. ಪರದೆಯ ಮೇಲೆ ನಾಲ್ಕು ಜಿಬಿ ಎಂದು ಬಂತು. ಮೂರೂ ಹಾಗೇ ಬಂದವು. ನಂಜುಂಡೇಶ್ವರ ಕಾಪಾಡಿದ ಎಂದು ಕೈಮುಗಿದು ಮನೆಗೆ ಹೋದೆ.

ಸೋಮವಾರ ಎಂಟೂವರೆಗೇ ಶಾಲೆ ಸೇರಿದೆ. ತಪಾಸಣೆಯವರು ಬರುವುದು ಹನ್ನೊಂದಕ್ಕೆ. ಶನಿವಾರ ಮುಗಿಸಿದ್ದ ಎರಡರ ಜೊತೆಗೆ ಇನ್ನೈದಕ್ಕೂ ಕಡ್ಡಿ ಹಾಕಿ ಆನ್ ಮಾಡಿದೆ. ಏಳೂ ಎದ್ದವು, ನಾಲ್ಕು ನಾಲ್ಕು ಜಿಬಿ ತೋರಿಸಿದವು. ಮೇಡಂ ಅಷ್ಟು ಹೊತ್ತಿಗೆ ಬಂದು, ಒಂದೊಂದಕ್ಕೂ ಕೂತು ಪರೀಕ್ಷೆಯ ಸಾಫ್ಟ್‌ವೇರ್ ಹಾಕುತ್ತಾ ಹೋದರು. ಗುರುವಾರದ ನನ್ನ ಮಾತನ್ನು ಅವರು ಎತ್ತಲಿಲ್ಲ. ಹೊಸ ಸೀರೆ ಉಟ್ಟಿದ್ದರು.

ಎಂಟನೆಯದಕ್ಕೆ ಆ ಅಗ್ಗದ ಕಡ್ಡಿ ಹಾಕಿ ಬಟನ್ ಒತ್ತಿದೆ. ಪರದೆ ಕಪ್ಪು. ಒಳಗಿನ ಪುಟ್ಟ ಸ್ಪೀಕರಿನಿಂದ ಬೀಪ್ ಎಂದು ಉದ್ದನೆಯ ಕೂಗು. ನಿಂತು, ಮತ್ತೆ ಕೂಗು. ಮೆಮೊರಿ ಸಿಕ್ಕಿಲ್ಲ ಎಂದರೆ ಮಿಷನ್ನು ಹೀಗೆ ಕೂಗಿಕೊಳ್ಳುತ್ತದೆ. ಕಡ್ಡಿ ತೆಗೆದು, ಉಜ್ಜಿ, ಇನ್ನೊಂದು ಸ್ಲಾಟಿಗೆ ಹಾಕಿದೆ. ಅದೇ ಕೂಗು. ಒಂಬತ್ತನೆಯದಕ್ಕೆ ಹಾಕಿದೆ, ಹತ್ತಕ್ಕೆ ಹಾಕಿದೆ, ಬೋರ್ಡಿನ ಬ್ಯಾಟರಿ ತೆಗೆದು ಮತ್ತೆ ಹಾಕಿದೆ. ಮೂರೂ ಸೇರಿ ಲ್ಯಾಬಿನಲ್ಲಿ ಬೊಬ್ಬೆ ಹೊಡೆಯತೊಡಗಿದವು. “ನಮ್ ಅಂಗಡೀಲಿ ಓಡಿದ್ವಲ್ಲ ಇವು!” ಎಂದು ಗೊಣಗಿದೆ.

“ಸರ್, ನಿಮ್ ಅಂಗಡೀಲಿ ಓಡ್ತು ಅಂದ್ರಲ್ಲ, ಆ ಬೋರ್ಡಿನ ಪ್ರೊಸೆಸರ್ ಯಾವ ಕಂಪನಿದು?” ಎಂದು ಹಿಂದಿನಿಂದ ಮೇಡಂ ಮೆಲ್ಲಗೆ ಕೇಳಿದರು.

ನನ್ನ ಟೆಸ್ಟ್ ಬೋರ್ಡು ಬೇರೆ ಕಂಪನಿಯ ಪ್ರೊಸೆಸರಿನದು. ಅದರಲ್ಲಿ ಮೆಮೊರಿಯನ್ನು ಓದಿ ಬರೆಯುವ ಭಾಗ ಪ್ರೊಸೆಸರಿನ ಒಳಗೇ ಇರುತ್ತದೆ. ಶಾಲೆಯ ಈ ಹಳೇ ಡ್ಯುಯಲ್ ಕೋರುಗಳಲ್ಲಿ ಆ ಕೆಲಸ ಪ್ರೊಸೆಸರಿನದಲ್ಲ, ಬೋರ್ಡಿನ ಮೇಲೆ ಕೂತಿರುವ ಇನ್ನೊಂದು ಚಿಪ್ಪಿನದು. ಕಡ್ಡಿಯ ಮೇಲಿನ ಕರಿ ಚಿಪ್ಪುಗಳ ಜೋಡಣೆ ಆ ಚಿಪ್ಪಿಗೆ ಅರ್ಥವಾಗುವಂತೆ ಇದ್ದರೆ ಮಾತ್ರ ಓದುತ್ತದೆ. ಅಗ್ಗದ ನಾಲ್ಕು ಜಿಬಿ ಕಡ್ಡಿಗಳ ಜೋಡಣೆಯೇ ಬೇರೆ. ಅವು ಆ ಇನ್ನೊಂದು ಕಂಪನಿಯ ಪ್ರೊಸೆಸರಿಗೆ ಮಾತ್ರ ಒಗ್ಗುವಂಥವು. ಕಚ್ಚು ಸರಿಯಾಗಿ ಕೂತಿತು ಎಂದ ಮಾತ್ರಕ್ಕೆ ಹೊಂದಿಕೆಯಾಯಿತು ಅಂತಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ.

“ಗೊತ್ತಾಯ್ತು ಬಿಡಿ ಮೇಡಂ” ಎಂದೆ. ಅಷ್ಟಕ್ಕಾದರೂ ಧನ್ಯವಾದ ಹೇಳುವ ಬಾಯಿ ನನಗಿರಲಿಲ್ಲ.

ಮೊದಲಿದ್ದ ಒಂದೊಂದು ಜಿಬಿಯ ಕಡ್ಡಿಗಳನ್ನು ಜೋಡಿಸಿ ಆ ಮೂರನ್ನೂ ಎರಡು ಜಿಬಿಯಲ್ಲಿ ಎಬ್ಬಿಸಿದೆ. ಹನ್ನೊಂದೂ ಕಾಲಿಗೆ ತಪಾಸಣೆಯವರು ಇಬ್ಬರು ಬಂದರು. ಪೆನ್‌ಡ್ರೈವ್ ಹಾಕಿ ಒಂದೊಂದರಲ್ಲೂ ಒಂದು ಪ್ರೋಗ್ರಾಂ ಓಡಿಸಿದರು. ಕೋರ್ ಎರಡು, ಹಸಿರು. ಮೆಮೊರಿ ನಾಲ್ಕು, ಹಸಿರು. ಏಳರವರೆಗೂ ಹಸಿರು. ಎಂಟರಲ್ಲಿ ಮೆಮೊರಿಯ ಮುಂದೆ ಕೆಂಪು. ಒಂಬತ್ತು ಕೆಂಪು, ಹತ್ತು ಕೆಂಪು.

“ಒಂದು ವಾರ ಕೊಡಿ ಸರ್, ಈ ಮೂರಕ್ಕೂ ಹಾಕಿಸ್ತೀವಿ” ಎಂದು ಮೇಡಂ ಕೇಳಿಕೊಂಡರು.

“ಲಿಸ್ಟ್ ಇವತ್ತೇ ಹೋಗುತ್ತಮ್ಮ. ಹತ್ತು ಇಲ್ಲ ಅಂದ್ರೆ ಇಲ್ಲ. ಮುಂದಿನ ವರ್ಷ ಅರ್ಜಿ ಹಾಕಿ” ಎಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು ಹೊರಟರು.

ತಪಾಸಣೆಗೆಂದು ಬಂದಿದ್ದ ಅಧ್ಯಕ್ಷರು ಆಫೀಸ್ ರೂಮಿನಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡರು. ಅಲ್ಲ, ನಿಲ್ಲಿಸಿಕೊಂಡದ್ದು ಮೇಡಂ ಒಬ್ಬರನ್ನೇ. ನನಗೆ ಕುರ್ಚಿ ತೋರಿಸಿದರು.

“ಏನಪ್ಪಾ ಇದು? ಓಡ್ಸಿ ಕೊಡ್ತೀನಿ ಅಂದೋನು ನೀನು.”

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ತಪ್ಪು ನನ್ನದು ಎಂದು. ಅದರ ಬದಲು ನನ್ನ ಬಾಯಿಂದ ಬಂದದ್ದು ಇದು: “ಯಜಮಾನ್ರೇ, ಪೂಜೇಲಿ ಮುಚ್ಚಳ ಎಲ್ಲ ಅದಲುಬದಲಾಗೈತೆ. ಲ್ಯಾಬ್ ನೋಡ್ಕೊಳೋರು ಯಾವುದ್ರಲ್ಲಿ ಏನೈತೆ ಅಂತ ಒಂದ್ ಪಟ್ಟಿ ಮಾಡಿ ಕೊಟ್ಟಿದ್ರೆ ನಾನು ಸರ್ಯಾದ ಮಾಲು ತತ್ತಿದ್ದೆ.”

ಮೇಡಂ ನನ್ನ ಕಡೆ ತಿರುಗಿದರು. “ಕೊಟ್ಟಿದ್ನಲ್ಲ ಸರ್! ಗುರುವಾರ, ನಿಮ್ಮ ಕೈಗೇ.”

“ನನ್ ಕೈಗೆ ಯಾವ್ ಪಟ್ಟೀನೂ ಬಂದಿಲ್ಲ.”

ಆ ಗಳಿಗೆಯಲ್ಲಿ ನಾನು ಅದನ್ನು ನಂಬಿದ್ದೆ. ಏನೋ ಒಂದು ಹಾಳೆ ಕೊಟ್ಟಿದ್ದರು ಎಂಬುದು ಮನಸ್ಸಿನ ಮೂಲೆಯಲ್ಲಿ ಇತ್ತು. ಆ ಮೂಲೆಗೆ ನಾನು ಹೋಗಲಿಲ್ಲ, ಅಷ್ಟೆ.

“ಇನ್ನೊಂದ್ ಕಾಪಿ ಐತೇನಮ್ಮಾ?” ಅಧ್ಯಕ್ಷರು ಕೇಳಿದರು.

“ಇಲ್ಲ ಸರ್. ಬರ್ದಿದ್ದು ಅದೊಂದೇ.”

“ನೋಡಮ್ಮಾ, ಇವನ್ನ ಸಣ್ಣೋನಾಗಿದ್ದಾಗಿಂದ ನೋಡಿವ್ನಿ. ನಮ್ಮೋನು. ಸುಳ್ಳು ಏಳೋ ವಂಶ ಅಲ್ಲ ಅವರದು. ನೀನೇ ಎಲ್ಲಾರ ಮಡಗಿ ಮರ್ತಿರ್ಬೇಕು.”

ನಮ್ಮೋನು ಎಂಬ ಮಾತು ಆ ರೂಮಿನಲ್ಲಿ ಯಾರನ್ನು ಒಳಗೆ ಸೇರಿಸಿತು, ಯಾರನ್ನು ಹೊರಗೆ ಹಾಕಿತು ಎಂಬುದು ಮೂವರಿಗೂ ಗೊತ್ತಿತ್ತು. ಆರು ವರ್ಷ ಅಲ್ಲಿ ಪಾಠ ಮಾಡಿದ್ದವರು ಅವರು. ನಾನು ವರ್ಷಕ್ಕೆ ನಾಲ್ಕು ಸಲ ಬಂದು ಹೋಗುವವನು. ಮೇಡಂ ಕಣ್ಣೊರೆಸಿಕೊಂಡು ಕ್ಲಾಸಿಗೆ ಹೋದರು.

ನಾನು ಲ್ಯಾಬಿಗೆ ಬಂದು ಮುಚ್ಚಳ ಹಾಕತೊಡಗಿದೆ. ತಟ್ಟೆಯಲ್ಲಿದ್ದ ಸ್ಕ್ರೂಗಳು ಎಂಟು ಮಿಷನ್ನಿಗೆ ಸಾಕಾದವು. ಉಳಿದ ಎರಡರ ಸ್ಕ್ರೂ ಎಲ್ಲಿ ಎಂದು ಯೋಚಿಸಿ, ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದೆ. ಪೊಟ್ಟಣ ಸಿಕ್ಕಿತು. ಬಿಚ್ಚಿ ಸ್ಕ್ರೂ ಸುರಿದುಕೊಂಡೆ. ಕಾಗದ ರೂಲ್ಡ್ ಹಾಳೆ.

ಮೇಲುಗಡೆ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ‘ಮುಚ್ಚಳದ ಸ್ಟಿಕರ್ ನೋಡಬೇಡಿ ಸರ್, ಪೂಜೆಯ ದಿನ ಅದಲುಬದಲಾಗಿವೆ. ಬೋರ್ಡ್ ನೋಡಿ ಬರೆದಿದ್ದೇನೆ.’ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ. ಮಿಷನ್ ನಂಬರು, ಬೋರ್ಡಿನ ಮೇಲೆ ಅಚ್ಚಾಗಿರುವ ನಂಬರು, ಯಾವ ಡಿಡಿಆರ್, ಎಷ್ಟು ಸ್ಲಾಟು. ಡಿಡಿಆರ್2 ಏಳು, ಡಿಡಿಆರ್3 ಮೂರು. ಕೊನೆಯಲ್ಲಿ ಷರಾ ಎಂದು ಒಂದು ಕಾಲಂ. ಎಂಟನೆಯದರ ಮುಂದೆ, ‘ಫ್ಯಾನ್ ಸದ್ದು ಮಾಡುತ್ತೆ, ಬೇಗ ಬಿಸಿಯಾಗುತ್ತೆ.’ ಸ್ಕ್ರೂಗಳ ತುಕ್ಕು ಹಾಳೆಯ ತುಂಬಾ ಚುಕ್ಕೆ ಚುಕ್ಕೆಯಾಗಿ ಇಳಿದಿತ್ತು.

ಕಿಟಕಿಯಲ್ಲಿ ನೋಡಿದೆ. ಅಧ್ಯಕ್ಷರ ಕಾರು ಇನ್ನೂ ಅಂಗಳದಲ್ಲೇ ಇತ್ತು. ಅವರು ಬಾಗಿಲಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದರು. ನಲವತ್ತು ಹೆಜ್ಜೆಯೂ ಇರಲಿಲ್ಲ. ಹೋಗಿ, ಯಜಮಾನ್ರೇ, ಪಟ್ಟಿ ಇಲ್ಲೈತೆ, ತಪ್ಪು ನಂದೇ ಎಂದಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ನಾಲ್ಕು ಶಾಲೆಯ ಕೆಲಸ ಕೈಬಿಟ್ಟು ಹೋಗುತ್ತದೆ ಎಂದು ಹೆದರಿದೆ. ಸುಳ್ಳು ಹೇಳುವ ವಂಶವಲ್ಲ ಎಂದು ಈಗ ತಾನೇ ಹೊಗಳಿಸಿಕೊಂಡವನು ಹೋಗಿ ಸುಳ್ಳು ಹೇಳಿದೆ ಎನ್ನುವುದು ಹೇಗೆ ಎಂದು ನಾಚಿದೆ. ಬಿಸಿ ಆರಲಿ, ಎರಡು ದಿನ ಬಿಟ್ಟು ಹೇಳೋಣ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಕಾರು ಹೊರಟಿತು. ಹಾಳೆಯನ್ನು ಮಡಿಸಿ ಅದೇ ಜೇಬಿಗೆ ಇಟ್ಟುಕೊಂಡೆ. ಥೂ ನನ್ನ ಜನ್ಮಕ್ಕೆ.

ಎರಡು ದಿನ ಎಂದದ್ದು ಎರಡು ವಾರವಾಯಿತು. ಅಷ್ಟರಲ್ಲಿ ಬೆಂಗಳೂರಿನಿಂದ ಎರಡು ಜಿಬಿಯ ಡಿಡಿಆರ್2 ಆರು ತರಿಸಿದೆ. ಶಾಲೆಗೆ ಹೋದರೆ ಲ್ಯಾಬಿಗೆ ಬೀಗ. ಜವಾನ ಬೀಗ ತೆಗೆದ.

“ಮೇಡಮ್ಮೋರ್ನ ಬ್ಯಾಡ ಅಂದ್ಬುಟ್ರು ಸಾ. ಕ್ಲಾಸೂ ನಿಲ್ಸವ್ರೆ. ಒಂಟೋವಾಗ ಎಲ್ಲಾ ಮಿಷನ್‌ಗೂ ಬಟ್ಟೆ ಒದ್ಸಿ ಓದ್ರು.”

ಒಂದೊಂದಕ್ಕೂ ಅಳತೆಗೆ ಹೊಲಿದ ನೀಲಿ ಬಟ್ಟೆಯ ಗವಸು. ತೆಗೆದು ಮೂರಕ್ಕೂ ಕಡ್ಡಿ ಹಾಕಿ ಆನ್ ಮಾಡಿದೆ. ಹತ್ತಕ್ಕೆ ಹತ್ತೂ ಎದ್ದವು. ನಾಲ್ಕು ನಾಲ್ಕು ಜಿಬಿ, ಎರಡೆರಡು ಕೋರ್. ಖಾಲಿ ಲ್ಯಾಬಿನಲ್ಲಿ ಹತ್ತು ಪರದೆಗಳು ಬೆಳಗುತ್ತಿದ್ದವು. ಅಷ್ಟು ಒಳ್ಳೆಯ ಕೆಲಸವನ್ನು ನಾನು ಅಷ್ಟು ಅಸಹ್ಯದಿಂದ ಯಾವತ್ತೂ ನೋಡಿಲ್ಲ. ಎಲ್ಲವನ್ನೂ ಆಫ್ ಮಾಡಿ, ಗವಸು ಹಾಕಿ, ಓಡಿ ಬಂದಂತೆ ಹೊರಗೆ ಬಂದೆ.

ನೇರವಾಗಿ ನಂಜನಗೂಡಿಗೆ ಹೋಗಿ ಗಿರಣಿಯಲ್ಲಿ ಅಧ್ಯಕ್ಷರ ಮುಂದೆ ಹಾಳೆ ಇಟ್ಟೆ. ಎಲ್ಲ ಹೇಳಿದೆ. ಅವರು ಕನ್ನಡಕ ಏರಿಸಿ ಓದಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

“ಓಗ್ಲಿ ಬುಡಪ್ಪಾ. ಆದದ್ದಾಯ್ತು. ಈಗ್ಯಾಕೆ ಕೆದುಕ್ತೀಯೆ?” ಎಂದು ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. “ಈಗ ಹತ್ತೂ ಓಡ್ತಾವಲ್ಲ?”

“ಓಡ್ತವೆ ಯಜಮಾನ್ರೇ. ಆದ್ರೆ ಮೇಡಮ್ಮೋರ್ನ ವಾಪಸ್...”

“ಅದ್ ಮಂಡ್ಳಿ ಮಾಡಿರೋ ತೀರ್ಮಾನ. ನೋಡಾಣ, ಮುಂದುಕ್ಕೆ” ಎಂದು ಮುನೀಮನನ್ನು ಕರೆದು ನನಗೆ ಕಾಫಿ ತರಿಸಿದರು. ನಾಲ್ಕು ಶಾಲೆಯ ಕೆಲಸ ನನ್ನಲ್ಲೇ ಉಳಿಯಿತು. ಆ ಕಾಫಿಯನ್ನು ನಾನು ಕುಡಿದೆ ಎಂಬುದನ್ನೂ ಬರೆದುಬಿಡುತ್ತೇನೆ.

ಮೇಡಂ ಟಿ. ನರಸೀಪುರ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ ಎಂದು ಜವಾನನಿಂದಲೇ ಗೊತ್ತಾಯಿತು. ಒಂದು ತಿಂಗಳು ಆ ರಸ್ತೆ ತಪ್ಪಿಸಿ ಓಡಾಡಿದೆ. ಕೊನೆಗೆ ಒಂದು ಬೆಳಿಗ್ಗೆ ಹೋದೆ. ಕೌಂಟರಿನ ಹಿಂದೆ, ಬುದ್ಧನ ಸಣ್ಣ ಪಟವೊಂದರ ಕೆಳಗೆ ಕೂತು ಯಾರದೋ ಪಹಣಿ ಅರ್ಜಿ ಟೈಪ್ ಮಾಡುತ್ತಿದ್ದರು. ಅರ್ಜಿದಾರ ಹೋಗುವವರೆಗೆ ನಿಂತಿದ್ದೆ.

“ಹೇಳಿ ಸರ್, ಎಷ್ಟ್ ಕಾಪಿ?” ಎಂದರು. ಗುರುತು ಹಿಡಿದೇ ಕೇಳಿದ್ದು.

ಹಾಳೆ ತೆಗೆದು ಕೌಂಟರಿನ ಮೇಲೆ ಇಟ್ಟೆ. “ಕ್ಷಮಿಸ್ಬಿಡಿ ಮೇಡಂ. ನನ್ ಬ್ಯಾಗಲ್ಲೇ ಇತ್ತು.”

ಅವರು ಅದನ್ನು ಬಿಡಿಸಿದರು. ಮಡಿಕೆಯ ಗೆರೆಗಳನ್ನೂ ತುಕ್ಕಿನ ಚುಕ್ಕೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಅರ್ಥವಾಯಿತು ಎಂದು ಮುಖದಲ್ಲೇ ಗೊತ್ತಾಯಿತು.

“ಸ್ಕ್ರೂ ಕಟ್ಟಕ್ಕಾದ್ರೂ ಬಂತಲ್ಲ ಬಿಡಿ” ಎಂದರು.

ಅಧ್ಯಕ್ಷರಿಗೆ ಹೇಳಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಏನಾಯಿತು ಎಂದು ಅವರು ಕೇಳಿದರೆ ಕಾಫಿ ಕುಡಿದೆ ಎನ್ನಬೇಕಾಗುತ್ತದೆ ಎಂದು ಮುಚ್ಚಿಕೊಂಡೆ. ಅವರು ಹಾಳೆಯನ್ನು ಮಡಿಸಲಿಲ್ಲ. ಇನ್ನೊಮ್ಮೆ ಕೊನೆಯ ಕಾಲಂವರೆಗೂ ಓದಿದರು.

“ಎಂಟನೇ ಮಿಷನ್ ಫ್ಯಾನ್ ನೋಡಿದ್ರಾ ಸರ್? ಬೇಗ ಬಿಸಿ ಆಗೋದು ಅದು. ಪಾಪ, ಕ್ಲಾಸಿನ ಹುಡುಗೀರು ಅದರ ಮುಂದೇನೇ ಕೂರೋರು.”

“ನೋಡ್ದೆ ಮೇಡಂ, ಈಗ ಸರಿಯಾಗಿದೆ” ಎಂದೆ.

ನೋಡಿರಲಿಲ್ಲ.